ಉಂಡದ್ದನ್ನೇ ಉಟ್ಟ ಕಪ್ಪೆ

ವನ್ಯಜೀವಿ ಚಾನೆಲ್‌ಗಳನ್ನು ನೋಡುವವರಿಗೆ ಈ ಕಪ್ಪೆ ಹೊಸತಲ್ಲ. ಅರಿಸಿನ ಬಣ್ಣದ ಮೈ, ಕಪ್ಪು ಕಣ್ಣು, ಹೆಚ್ಚೆಂದರೆ ಐದು ಸೆಂಟಿಮೀಟರ್ ಉದ್ದ. ಅದು ಪರದೆಯ ಮೇಲೆ ಬಂದ ಕೂಡಲೇ ನಿರೂಪಕನ ದನಿ ತಗ್ಗುತ್ತದೆ: ಈ ಒಂದು ಕಪ್ಪೆಯ ಚರ್ಮದಲ್ಲಿ ಹತ್ತು ಜನರನ್ನು ಕೊಲ್ಲುವಷ್ಟು ವಿಷವಿದೆ! ಆದರೆ ಅದೇ ಕಪ್ಪೆಯನ್ನು ಅಮೆರಿಕ, ಜರ್ಮನಿಗಳಲ್ಲಿ ಹವ್ಯಾಸಿಗಳು ಮನೆಯೊಳಗಿನ ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಪೆಟ್ಟಿಗೆಯಲ್ಲೇ ಅದು ಮೊಟ್ಟೆಯಿಡುತ್ತದೆ, ಮರಿಯಾಗುತ್ತದೆ, ಮರಿಗಳು ಮಾರಾಟಕ್ಕೂ ಸಿಗುತ್ತವೆ. ಕೊಂಡು ತಂದವರು ರಾತ್ರಿ ಅದೇ ಕೋಣೆಯಲ್ಲಿ ನೆಮ್ಮದಿಯಾಗಿ ನಿದ್ರೆ ಮಾಡುತ್ತಾರೆ.

ಹಾಗಾದರೆ ಟಿವಿಯವರು ಸುಳ್ಳು ಹೇಳಿದರೆ? ಇಲ್ಲ. ಕಾಡಿನ ಕಪ್ಪೆ ನಿಜಕ್ಕೂ ಕೊಲ್ಲುತ್ತದೆ. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಅದರ ಸಂತಾನ ಕೊಲ್ಲುವುದಿಲ್ಲ. ಜಾತಿ ಅದೇ, ಬಣ್ಣ ಅದೇ, ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳೂ ಅವೇ. ವಿಷ ಮಾತ್ರ ಇಲ್ಲ. ಅದು ಎಲ್ಲಿ ಹೋಯಿತು?

ಸೈಹಾ ನದಿಯ ಬಳಿ

ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಕಾಡುಗಳು ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಪೈಕಿ ಸೇರುತ್ತವೆ. ಅಲ್ಲಿನ ಎಂಬೆರಾ ಜನರಲ್ಲಿ ಊದುಕೊಳವೆಯ ಬೇಟೆ ರೂಢಿಯಲ್ಲಿತ್ತು. ಉದ್ದನೆಯ ಕೊಳವೆಯೊಳಗೆ ಕಡ್ಡಿಯಷ್ಟು ಸಣ್ಣ ಬಾಣವಿಟ್ಟು ಬಾಯಿಂದ ಬಲವಾಗಿ ಊದಿದರೆ ಅದು ಮರದ ಮೇಲಿನ ಹಕ್ಕಿಗೋ ಕೋತಿಗೋ ಹೋಗಿ ನಾಟುತ್ತದೆ. ಕಡ್ಡಿ ಚುಚ್ಚಿದ ಮಾತ್ರಕ್ಕೆ ಕೋತಿ ಸಾಯುವುದಿಲ್ಲ. ಕೊಲ್ಲುವುದು ತುದಿಗೆ ಹಚ್ಚಿದ ವಿಷ.

ವಿಷ ಹಚ್ಚುವ ಕೆಲಸಕ್ಕೆ ಅವರು ಬಳಸುತ್ತಿದ್ದ ಕಪ್ಪೆಗಳಲ್ಲಿ ಮೂರು ಜಾತಿ. ಎರಡು ಜಾತಿಯವನ್ನು ಕಡ್ಡಿಗೆ ಸಿಕ್ಕಿಸಿ ಬೆಂಕಿಯ ಬಳಿ ಹಿಡಿಯಬೇಕು. ಆಗ ಅವುಗಳ ಬೆನ್ನಿನ ಮೇಲೆ ವಿಷ ಒಸರುತ್ತದೆ. ದಕ್ಷಿಣಕ್ಕೆ ಸೈಹಾ ನದಿಯ ಸುತ್ತಿನ ಕಾಡಿನಲ್ಲಿ ಸಿಗುವ ಮೂರನೆಯದಕ್ಕೆ ಬೆಂಕಿಯ ಅಗತ್ಯವೇ ಇರಲಿಲ್ಲ. ಬದುಕಿರುವ ಕಪ್ಪೆಯ ಬೆನ್ನಿಗೆ ಬಾಣದ ತುದಿಯನ್ನು ಉಜ್ಜಿದರೆ ಮುಗಿಯಿತು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಉರಗ ಮತ್ತು ಉಭಯಚರ ತಜ್ಞ ಚಾರ್ಲ್ಸ್ ಮೈಯರ್ಸ್, ರಸಾಯನ ವಿಜ್ಞಾನಿ ಜಾನ್ ಡೇಲಿ ಮತ್ತು ಸಂಗ್ರಾಹಕ ಬೋರಿಸ್ ಮಾಲ್ಕಿನ್ ಸೇರಿ 1978ರಲ್ಲಿ ಇದನ್ನು ಹೊಸ ಜಾತಿಯೆಂದು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಟಿವಿಯ ಅರಿಸಿನ ಕಪ್ಪೆ ಇದೇ. ಇಟ್ಟ ಹೆಸರು ಫಿಲೊಬೇಟಿಸ್ ಟೆರಿಬಿಲಿಸ್; ಟೆರಿಬಿಲಿಸ್ ಎಂದರೆ ಭಯಂಕರ. ಕೈಗವಸು ಹಾಕಿಕೊಂಡು ಕೆಲಸ ಮಾಡಿದವರು ಇಟ್ಟ ಹೆಸರದು, ಉತ್ಪ್ರೇಕ್ಷೆಯಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬದಿಗೆ ಸರಿಸಬೇಕು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಕಪ್ಪೆಯ ಕುಟುಂಬದಲ್ಲಿ ಸುಮಾರು 200 ಜಾತಿಗಳಿವೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಪಾಯ್ಸನ್ ಡಾರ್ಟ್ ಫ್ರಾಗ್ ಎಂದು ಕರೆದು ರೂಢಿಯಾಗಿಬಿಟ್ಟಿದೆ. ಬಾಣದ ಭಾಗ್ಯ ಬಂದದ್ದು ಬೆರಳೆಣಿಕೆಯವಕ್ಕೆ ಮಾತ್ರ. ಅಮೆಜಾನ್ ಬಯಲಿನ ಬೇಟೆಗಾರರು ಬಾಣಕ್ಕೆ ಹಚ್ಚುವುದು ಕಾಡುಬಳ್ಳಿಗಳಿಂದ ಕುದಿಸಿ ತೆಗೆದ ಕ್ಯುರಾರೆ ಎಂಬ ವಿಷವನ್ನು. ಅದಕ್ಕೂ ಕಪ್ಪೆಗೂ ಸಂಬಂಧವಿಲ್ಲ. ಈ ಕುಟುಂಬದ ಹಲವು ಕಪ್ಪೆಗಳಲ್ಲಂತೂ ಹೇಳಿಕೊಳ್ಳುವಂಥ ವಿಷವೇ ಇಲ್ಲ. ಅವು ಎಲೆಯ ಬಣ್ಣದಲ್ಲಿ ಎಲೆಯ ನಡುವೆ ಅಡಗಿ ಬದುಕುತ್ತವೆ.

ಡೇಲಿಯವರ ಬಗ್ಗೆ ಎರಡು ಮಾತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ಬದುಕಿನ ಬಹುಭಾಗವನ್ನು ಕಪ್ಪೆಯ ಚರ್ಮಕ್ಕೆ ಮೀಸಲಿಟ್ಟರು. ಉಭಯಚರಗಳ ಚರ್ಮದಲ್ಲಿ ಅವರೂ ಸಂಗಡಿಗರೂ ಪಟ್ಟಿಮಾಡಿದ ಆಲ್ಕಲಾಯ್ಡ್‌ಗಳು 800ಕ್ಕೂ ಹೆಚ್ಚು. ಆಲ್ಕಲಾಯ್ಡ್ ಎಂದರೆ ನೈಟ್ರೋಜನ್ ಸೇರಿರುವ, ಸಾಮಾನ್ಯವಾಗಿ ಕಹಿಯಾದ ಸಾವಯವ ಸಂಯುಕ್ತ. ಹೊಗೆಸೊಪ್ಪಿನ ನಿಕೋಟಿನ್, ಕಾಫಿಯ ಕೆಫೀನ್, ಅಫೀಮಿನ ಮಾರ್ಫಿನ್ ಇವೆಲ್ಲ ಆ ಗುಂಪಿನವೇ. ಕಾಡಿನಲ್ಲಿ ಹೊಸ ಕಪ್ಪೆ ಸಿಕ್ಕರೆ ಡೇಲಿ ಅದನ್ನು ಬೆರಳಿಂದ ಮುಟ್ಟಿ, ಬೆರಳನ್ನು ನಾಲಗೆಗೆ ತಾಗಿಸಿ ನೋಡುತ್ತಿದ್ದರಂತೆ. ಉರಿದರೆ ಚೀಲಕ್ಕೆ ಹಾಕುವುದು. ಸೈಹಾದ ಅರಿಸಿನ ಕಪ್ಪೆಯ ಮೇಲೆ ಈ ಪ್ರಯೋಗವನ್ನು ಅವರು ಮಾಡಿದ್ದರೆ ಉಳಿದ ಪಟ್ಟಿ ನಮಗೆ ಸಿಗುತ್ತಿರಲಿಲ್ಲ.

ಬಾಣಕ್ಕೆ ಬಳಸುತ್ತಿದ್ದ ಆ ಮೂರು ಜಾತಿಯ ಕಪ್ಪೆಗಳ ಮುಖ್ಯ ವಿಷಕ್ಕೆ ಬ್ಯಾಟ್ರಕೋಟಾಕ್ಸಿನ್ ಎಂದು ಹೆಸರು. 1960ರ ದಶಕದ ಕೊನೆಯ ಹೊತ್ತಿಗೆ ಅದರ ರಚನೆಯನ್ನು ಬಿಡಿಸಲಾಯಿತು. ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ ಅಣುವಿನ ಆಕಾರ ಕಂಡುಹಿಡಿಯುವುದರಲ್ಲಿ ನಿಪುಣೆಯಾಗಿದ್ದ ಇಸಾಬೆಲ್ಲಾ ಕಾರ್ಲ್ ಅವರ ಪಾಲು ಅದರಲ್ಲಿ ದೊಡ್ಡದು. ಒಂದು ಅರಿಸಿನ ಕಪ್ಪೆಯಲ್ಲಿ ಈ ವಿಷ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಇರುತ್ತದೆ. ಹತ್ತು ಜನ ಎಂಬ ಟಿವಿ ಲೆಕ್ಕ ಇಲಿಗಳ ಮೇಲಿನ ಪ್ರಯೋಗವನ್ನು ಮನುಷ್ಯನ ತೂಕಕ್ಕೆ ಹಿಗ್ಗಿಸಿ ಮಾಡಿದ ಅಂದಾಜು. ಅಂದಾಜೇ ಆದರೂ ಬೆರಳಿಗೆ ಗಾಯವಿರುವವರು ಅದನ್ನು ಪರೀಕ್ಷಿಸಲು ಹೋಗಬಾರದು.

ಮುಚ್ಚದ ತೂಬು

ಇಷ್ಟು ಕಡಿಮೆ ವಸ್ತು ಅಷ್ಟು ದೊಡ್ಡ ಪ್ರಾಣಿಯನ್ನು ಕೆಡಹುವುದು ಹೇಗೆ? ನರಗಳು ಸುದ್ದಿ ಕಳಿಸುವ ಬಗೆಯನ್ನು ನೋಡಿದರೆ ಉತ್ತರ ಸಿಗುತ್ತದೆ.

ಕೆರೆ ಮತ್ತು ಅದರ ಕೆಳಗಿನ ಗದ್ದೆಯನ್ನು ನೆನಪಿಸಿಕೊಳ್ಳಿ. ಏರಿಯ ಆಚೆ ನೀರು ತುಂಬಿ ನಿಂತಿದೆ, ಈಚೆ ಗದ್ದೆ ಒಣಗಿದೆ, ನಡುವೆ ತೂಬು. ನೀರುಗಂಟಿ ತೂಬು ಎತ್ತಿದರೆ ನೀರು ನುಗ್ಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ನರಕೋಶದ ಹೊರಗೆ ಸೋಡಿಯಂ ಹೀಗೆಯೇ ತುಂಬಿ ನಿಂತಿರುತ್ತದೆ, ಒಳಗೆ ಕಡಿಮೆ. ಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಪುಟ್ಟ ತೂಬುಗಳಿವೆ. ಸುದ್ದಿ ಬಂದಾಗ ತೂಬು ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಸೆಕೆಂಡಿನ ಸಾವಿರದಲ್ಲೊಂದು ಭಾಗ ಕಳೆಯುವಷ್ಟರಲ್ಲಿ ತೂಬು ಮುಚ್ಚುತ್ತದೆ. ಆ ಒಂದು ನುಗ್ಗಾಟವೇ ಪಕ್ಕದ ತೂಬಿಗೆ ಸೂಚನೆ. ಅದು ತೆರೆಯುತ್ತದೆ, ಮತ್ತೆ ಅದರ ಪಕ್ಕದ್ದು. ಹೀಗೆ ಸುದ್ದಿ ನರದುದ್ದಕ್ಕೂ ಓಡುತ್ತದೆ. ಬಳಿಕ ಕೋಶ ಒಳಬಂದ ಸೋಡಿಯಂ ಅನ್ನು ಹೊರಹಾಕಿ ಮತ್ತೆ ಸಿದ್ಧವಾಗುತ್ತದೆ. ಗದ್ದೆ ಒಣಗಿದ್ದರೆ ತಾನೆ ಮುಂದಿನ ಸಲ ನೀರು ಬಿಟ್ಟದ್ದು ಗೊತ್ತಾಗುವುದು?

ಬ್ಯಾಟ್ರಕೋಟಾಕ್ಸಿನ್ ಈ ತೂಬಿನ ಒಳಬಾಯಿಗೆ ಸಿಕ್ಕಿಕೊಂಡು ಅದನ್ನು ಮುಚ್ಚಲು ಬಿಡುವುದಿಲ್ಲ. ಸೋಡಿಯಂ ಹರಿಯುತ್ತಲೇ ಇರುತ್ತದೆ. ಗದ್ದೆ ತುಂಬಿ ಕೆರೆಯ ಮಟ್ಟಕ್ಕೆ ಬಂತೆಂದರೆ ಹೊಸ ಸುದ್ದಿಗೆ ಅವಕಾಶವೇ ಇಲ್ಲ. ಸ್ನಾಯು ಬಿಗಿದುಕೊಳ್ಳುತ್ತದೆ, ಸಡಿಲಗೊಳ್ಳಲು ಅದಕ್ಕೆ ಅಪ್ಪಣೆ ತಲುಪುವುದಿಲ್ಲ. ಕ್ಷಣಕ್ಷಣಕ್ಕೂ ಇಂಥ ಸುದ್ದಿಯನ್ನೇ ನಂಬಿ ನಡೆಯುವ ಹೃದಯ ಲಯ ತಪ್ಪಿ, ಅದುರಿ, ನಿಂತುಹೋಗುತ್ತದೆ. ಜಪಾನಿನ ಬಾಣಸಿಗರು ಎಚ್ಚರದಿಂದ ಕೊಯ್ಯುವ ಪಫರ್ ಮೀನಿನ ವಿಷ ಇದೇ ತೂಬಿಗೆ ಹೊರಗಿನಿಂದ ಬಿರಡೆ ಬಡಿದು ತೆರೆಯಲು ಬಿಡುವುದಿಲ್ಲ. ಒಂದು ವಿಷ ತೆರೆದಿಡುತ್ತದೆ, ಇನ್ನೊಂದು ಮುಚ್ಚಿಡುತ್ತದೆ. ಸುದ್ದಿ ನಿಲ್ಲುವುದು ಎರಡರಲ್ಲೂ ಒಂದೇ.

ಈ ವಿಷದ ಗುಣದಿಂದಲೇ ನರವಿಜ್ಞಾನಕ್ಕೆ ಲಾಭವೂ ಆಗಿದೆ. ತೂಬು ಎಲ್ಲಿದೆ, ಹೇಗೆ ತೆರೆಯುತ್ತದೆ ಎಂದು ತಿಳಿಯಲು ಪ್ರಯೋಗಶಾಲೆಗಳಲ್ಲಿ ದಶಕಗಳ ಕಾಲ ಬ್ಯಾಟ್ರಕೋಟಾಕ್ಸಿನ್ ಬಳಕೆಯಾಯಿತು.

ನೆಲಗಪ್ಪೆಯನ್ನು ನೋಡಿ ಕಟ್ಟಿದ ಊಹೆ

ಕಪ್ಪೆಯ ವಿಷ ಎಂದೊಡನೆ ನಮಗೆ ನೆನಪಾಗುವುದು ಮಳೆಗಾಲದ ರಾತ್ರಿ ಬೀದಿದೀಪದ ಕೆಳಗೆ ಹುಳ ಹಿಡಿಯಲು ಕೂರುವ ಒರಟು ಮೈಯ ನೆಲಗಪ್ಪೆ. ಅದನ್ನು ಬಾಯಿಗೆ ಹಾಕಿದ ನಾಯಿ ನೊರೆ ಕಾರಿ ಒದ್ದಾಡುವುದನ್ನು ಹಳ್ಳಿಯಲ್ಲಿ ಬೆಳೆದವರು ಕಂಡಿರುತ್ತಾರೆ. ಅದರ ಕಣ್ಣಿನ ಹಿಂದೆ ಉಬ್ಬಿದ ಎರಡು ಗ್ರಂಥಿಗಳಲ್ಲಿ ಹೃದಯದ ಮೇಲೆ ಕೆಲಸ ಮಾಡುವ ವಿಷವಿದೆ. ಅದನ್ನು ನೆಲಗಪ್ಪೆ ತನ್ನ ಮೈಯೊಳಗಿನ ಕೊಲೆಸ್ಟರಾಲ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಎಲ್ಲಿ ಸಾಕಿದರೂ ವಿಷ ಇದ್ದೇ ಇರುತ್ತದೆ.

ಅಮೆರಿಕದ ಬಣ್ಣದ ಕಪ್ಪೆಗಳೂ ಹೀಗೆಯೇ ಎಂದು ಎಲ್ಲರೂ ನಂಬಿದ್ದರು. ಡೇಲಿ ಕೂಡ. 1980ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯಿಂದ ಆ ನಂಬಿಕೆ ಅಲುಗಿತು. ಕಾಡಿನಿಂದ ತಂದ ಅರಿಸಿನ ಕಪ್ಪೆಗಳು ಸೆರೆಯಲ್ಲಿ ವರ್ಷಗಟ್ಟಲೆ ವಿಷ ಉಳಿಸಿಕೊಂಡವು. ಅವುಗಳ ಮರಿಗಳಲ್ಲಿ ಮಾತ್ರ ವಿಷ ಕಾಣಲೇ ಇಲ್ಲ. ಕಾರಣ ಏನಿರಬಹುದು? ವೈರಿಗಳ ಭಯವಿಲ್ಲದ್ದರಿಂದ ವಿಷ ಮಾಡುವ ವಂಶವಾಹಿ ಮಲಗಿದೆಯೆ? ಬಿಸಿಲು, ತೇವ ಸರಿಹೊಂದಲಿಲ್ಲವೆ? ಅಥವಾ ಊಟ?

ಉತ್ತರದ ಸುಳಿವು ಅನಿರೀಕ್ಷಿತ ಜಾಗದಲ್ಲಿತ್ತು. 1932ರಲ್ಲಿ ಸೊಳ್ಳೆ ಕಾಟ ಕಡಿಮೆಯಾಗಲೆಂದು ಪನಾಮಾದಿಂದ ಹಸಿರು-ಕಪ್ಪು ಪಟ್ಟೆಯ ವಿಷಕಪ್ಪೆಗಳನ್ನು ತಂದು ಹವಾಯಿಯ ಮಾನೋವಾ ಕಣಿವೆಯಲ್ಲಿ ಬಿಟ್ಟಿದ್ದರು. ಸೊಳ್ಳೆಯ ಕಥೆ ಏನಾಯಿತೋ, ಕಪ್ಪೆಗಳು ಮಾತ್ರ ಅಲ್ಲೇ ನೆಲೆಯೂರಿದವು. ದಶಕಗಳ ಬಳಿಕ ಡೇಲಿ ತಂಡದವರು ಹವಾಯಿಯ ಕಪ್ಪೆಗಳ ಚರ್ಮ ಪರೀಕ್ಷಿಸಿದಾಗ ಪನಾಮಾದ ಬಂಧುಗಳಲ್ಲಿದ್ದ ಕೆಲವು ಆಲ್ಕಲಾಯ್ಡ್‌ಗಳು ಕಾಣೆಯಾಗಿದ್ದವು; ಪನಾಮಾದಲ್ಲಿಲ್ಲದ ಒಂದು ಹೊಸದಾಗಿ ಸೇರಿತ್ತು. ವಿಷವನ್ನು ವಂಶವಾಹಿಯೇ ಬರೆದಿದ್ದರೆ ಊರು ಬದಲಾದ ಮಾತ್ರಕ್ಕೆ ಪಟ್ಟಿ ಬದಲಾಗಬಾರದಿತ್ತು.

ಮುಂದಿನದು ನೇರ ಪರೀಕ್ಷೆ. ಅದೇ ಜಾತಿಯ ಮರಿಗಳಿಗೆ ಮನೆಯೊಳಗಿನ ಪೆಟ್ಟಿಗೆಯಲ್ಲಿ ಹಣ್ಣುನೊಣ, ಚಿಮ್ಮಂಡೆ ಕೊಟ್ಟು ಬೆಳೆಸಿದರು: ವಿಷ ಇಲ್ಲ. ಪನಾಮಾದಲ್ಲಿ ಕಾಡಿನ ತರಗೆಲೆ ರಾಶಿಯ ಹುಳುಗಳನ್ನು ತಿನ್ನಿಸಿದರು: ವಿಷ ಬಂತು. ಕೊನೆಗೆ ಹಣ್ಣುನೊಣಗಳಿಗೇ ಆಲ್ಕಲಾಯ್ಡ್ ಪುಡಿ ಹೊರಳಿಸಿ ತಿನ್ನಿಸಿದಾಗ ಪುಡಿಯಲ್ಲಿದ್ದದ್ದೇ ಕಪ್ಪೆಯ ಚರ್ಮದಲ್ಲಿ ಕಾಣಿಸಿಕೊಂಡಿತು. ಇದೇ ಕುಟುಂಬದ ನಿರ್ವಿಷ ಕಪ್ಪೆಯೊಂದಕ್ಕೆ ಅದೇ ಪುಡಿ ನೊಣ ತಿನ್ನಿಸಿದರೂ ಅದು ಚರ್ಮದಲ್ಲಿ ಏನನ್ನೂ ಕೂಡಿಡಲಿಲ್ಲ. ಅಂದರೆ ವಿಷಕಪ್ಪೆಗೆ ತಾಯಿತಂದೆಯರಿಂದ ಬಂದಿರುವುದು ವಿಷವಲ್ಲ, ತಿಂದ ವಿಷವನ್ನು ಹಾಳಾಗದಂತೆ ಚರ್ಮಕ್ಕೆ ಸಾಗಿಸಿ ಕೂಡಿಡುವ ವ್ಯವಸ್ಥೆ.

ಕೂಡಿಡುವುದಷ್ಟೇ ಅಲ್ಲ, ಕೆಲವು ಕಪ್ಪೆಗಳು ತಮ್ಮ ಕೈಗುಣವನ್ನೂ ಸೇರಿಸುತ್ತವೆ. ಪ್ಯುಮಿಲಿಯೊಟಾಕ್ಸಿನ್ ಎಂಬ ಗುಂಪಿನ ಒಂದು ಆಲ್ಕಲಾಯ್ಡ್ ತಿನ್ನಿಸಿದರೆ ಅದಕ್ಕೆ ಆಕ್ಸಿಜನ್ ಪರಮಾಣುವೊಂದನ್ನು ಸೇರಿಸಿ, ಸುಮಾರು ಐದು ಪಟ್ಟು ಹೆಚ್ಚು ವಿಷದ ಇನ್ನೊಂದನ್ನು ಮಾಡಿ ಇಟ್ಟುಕೊಳ್ಳುತ್ತವೆ ಎಂದು 2003ರಲ್ಲಿ ಡೇಲಿ ತಂಡ ತೋರಿಸಿತು.

ನಮ್ಮ ರಸ್ತೆಬದಿಯಲ್ಲೂ ಈ ಉಪಾಯ ನಡೆದಿದೆ. ಎಕ್ಕದ ಗಿಡದ ಹಾಲು ವಿಷ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಅದರ ಎಲೆ ಮೇದು ಬದುಕುವ ಹಳದಿ-ನೀಲಿ ಎಕ್ಕದ ಮಿಡತೆ ಆ ವಿಷವನ್ನು ಮೈಯಲ್ಲಿ ಕೂಡಿಟ್ಟು, ಹಿಡಿಯಲು ಬಂದವರ ಮೇಲೆ ಚಿಮ್ಮಿಸುತ್ತದೆ. ಗಾಢ ಬಣ್ಣ ಮತ್ತು ಕಹಿ ಜೊತೆಗಿರುವುದನ್ನು ಹಕ್ಕಿಗಳು ಒಂದೆರಡು ಅನುಭವದಲ್ಲೇ ಕಲಿಯುತ್ತವೆ. ಮಳೆಕಾಡಿನ ಕಪ್ಪೆಗಳು ಕೆಂಪು, ನೀಲಿ, ಹಳದಿ ಬಳಿದುಕೊಂಡು ಹಾಡುಹಗಲೇ ಓಡಾಡುವುದಕ್ಕೂ ಇದೇ ಕಾರಣ.

ತರಗೆಲೆಯಡಿಯ ನುಸಿ

ವಿಷ ಊಟದಿಂದ ಬರುತ್ತದೆ ಎಂದಾಯಿತು. ಊಟದಲ್ಲಿ ಯಾವುದರಿಂದ? ಈ ಕಪ್ಪೆಗಳ ಹೊಟ್ಟೆ ಬಗೆದು ನೋಡಿದರೆ ಸಿಗುವುದು ಬಹುಪಾಲು ಇರುವೆ ಮತ್ತು ನುಸಿ. ಮೊದಲು ಗುಮಾನಿ ಹೋದದ್ದು ಇರುವೆಗಳ ಮೇಲೆ. ಕೆಲವು ಇರುವೆಗಳಲ್ಲಿ ಕಪ್ಪೆಯ ಆಲ್ಕಲಾಯ್ಡ್‌ಗಳೇ ಸಿಕ್ಕವು. ಸಹಸ್ರಪದಿಗಳಲ್ಲಿ, ಪುಟ್ಟ ಜೀರುಂಡೆಗಳಲ್ಲಿ ಇನ್ನು ಕೆಲವು. ಆದರೂ ಲೆಕ್ಕ ತುಂಬಲಿಲ್ಲ.

2007ರಲ್ಲಿ ರಾಲ್ಫ್ ಸಪೊರಿಟೊ ಮತ್ತು ಸಂಗಡಿಗರು ಕೋಸ್ಟರಿಕಾ ಹಾಗೂ ಪನಾಮಾದ ಕಾಡುಗಳಲ್ಲಿ ಮಣ್ಣಿನ ನುಸಿಗಳನ್ನು ಜಾಲಾಡಿದರು. ನುಸಿ ಎಂದರೆ ನಮ್ಮ ತೆಂಗಿನ ಕಾಯಿಯ ತೊಟ್ಟಿನಡಿ ಸೇರಿ ಸಿಪ್ಪೆಯನ್ನು ಕಂದುಗಟ್ಟಿಸುವ ನುಸಿಯ ದೂರದ ನೆಂಟ. ಎಂಟು ಕಾಲು, ಜೇಡನ ಬಳಗ. ಕಾಡಿನ ಈ ನುಸಿಗಳಿಗೆ ಗಟ್ಟಿ ಚಿಪ್ಪಿನಂಥ ಹೊದಿಕೆಯಿದ್ದು, ಬಹಳಷ್ಟರ ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಕೊಳೆಯುವ ಎಲೆ, ಬೂಷ್ಟು ತಿಂದು ಬದುಕುತ್ತವೆ. ಅವುಗಳ ಸಾರದಲ್ಲಿ 80ಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳು ಸಿಕ್ಕವು. ವಿಷಕಪ್ಪೆಗಳಲ್ಲಿ ಗುರುತಿಸಿದ್ದ ಸುಮಾರು 24 ರಾಸಾಯನಿಕ ಗುಂಪುಗಳಲ್ಲಿ 11 ಗುಂಪುಗಳು ಅದರಲ್ಲಿದ್ದವು. ಕಪ್ಪೆ ಎಂಬ ಕಪ್ಪೆ ತನ್ನ ಭಯಂಕರ ಖ್ಯಾತಿಗೆ ಬರಿಗಣ್ಣಿಗೆ ಸರಿಯಾಗಿ ಕಾಣದ ನುಸಿಗಳಿಗೆ ಋಣಿ!

ಇದು ಗೊತ್ತಾದ ಮೇಲೆ ಇನ್ನೊಂದು ಸಂಗತಿಯೂ ಅರ್ಥವಾಯಿತು. ಒಂದೇ ಜಾತಿಯ ಕಪ್ಪೆ, ಒಂದು ದಿಬ್ಬದ ಈಚೆಗೆ ಒಂದು ವಿಷ, ಆಚೆಗೆ ಇನ್ನೊಂದು. ಈ ಋತುವಿನಲ್ಲಿ ಹೆಚ್ಚು, ಮುಂದಿನದರಲ್ಲಿ ಕಡಿಮೆ. ಮೊದಲು ಇದು ಸಂಶೋಧಕರಿಗೆ ತಲೆನೋವಾಗಿತ್ತು. ಕಾಡಿನ ಯಾವ ಮೂಲೆಯಲ್ಲಿ ಯಾವ ಹುಳು ಎಷ್ಟಿದೆ ಎಂಬುದನ್ನೇ ಕಪ್ಪೆಯ ಚರ್ಮ ತೋರಿಸುತ್ತಿತ್ತು.

ಮಡಗಾಸ್ಕರ್ ದ್ವೀಪದ ಮಾಂಟೆಲ್ಲಾ ಕಪ್ಪೆಗಳಿಗೂ ಅಮೆರಿಕದವಕ್ಕೂ ಹತ್ತಿರದ ರಕ್ತಸಂಬಂಧವಿಲ್ಲ. ಅವೂ ಚಿಕ್ಕವು, ಅವೂ ಕಣ್ಣು ಕುಕ್ಕುವ ಬಣ್ಣದವು, ಅವೂ ಇರುವೆ-ನುಸಿ ತಿಂದು ಅಂಥವೇ ಆಲ್ಕಲಾಯ್ಡ್ ಕೂಡಿಡುತ್ತವೆ. ಸಾಗರದ ಎರಡು ಬದಿಯಲ್ಲಿ ಎರಡು ವಂಶಗಳು ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ.

ಹೊಟ್ಟೆಯಿಂದ ಚರ್ಮಕ್ಕೆ

ನಾವು ನುಂಗಿದ ಕಹಿಯನ್ನು ನಮ್ಮ ಯಕೃತ್ತು ಮುರಿದು ಹೊರಹಾಕುತ್ತದೆ. ವಿಷಕಪ್ಪೆ ಹಾಗೆ ಮಾಡಿದರೆ ಕೆಟ್ಟಿತು. ಅದು ವಿಷವನ್ನು ಕರುಳಿನಿಂದ ಹೀರಿ, ರಕ್ತದಲ್ಲಿ ಹಾಯಿಸಿ, ಚರ್ಮದಲ್ಲಿರುವ ಗ್ರಂಥಿಗಳಿಗೆ ತುಂಬಬೇಕು. ದಾರಿಯಲ್ಲಿ ಹೃದಯವಿದೆ, ಮಿದುಳಿದೆ, ಉದ್ದಕ್ಕೂ ನರಗಳಿವೆ. ಅವಕ್ಕೇನೂ ಆಗಬಾರದು.

ಒಂದು ದಾರಿ, ವಿಷ ಕೂರುವ ಜಾಗವನ್ನೇ ಬದಲಿಸಿಬಿಡುವುದು. ಎಕ್ವಡೋರ್‌ನ ಒಂದು ಕಪ್ಪೆಯಲ್ಲಿ ಎಪಿಬ್ಯಾಟಿಡಿನ್ ಎಂಬ ವಿಷವಿದೆ. ಅದು ಹೋಗಿ ಕೂರುವುದು ನಿಕೋಟಿನ್ ಕೂರುವ ಗ್ರಾಹಿ ಪ್ರೋಟೀನಿನ ಮೇಲೆ. 2017ರಲ್ಲಿ ರೆಬೆಕಾ ಟಾರ್ವಿನ್ ಮತ್ತು ಸಂಗಡಿಗರು ಆ ಕಪ್ಪೆಯ ಗ್ರಾಹಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದನ್ನು ತೋರಿಸಿದರು. ಅಷ್ಟಕ್ಕೇ ವಿಷದ ಹಿಡಿತ ಸಡಿಲವಾಗುತ್ತದೆ. ತೊಂದರೆಯೇನೆಂದರೆ, ಅದೇ ಜಾಗದಲ್ಲಿ ಕೂರಬೇಕಾದ ಮೈಯೊಳಗಿನ ಸಂದೇಶವಾಹಕ ಅಸಿಟೈಲ್‌ಕೋಲಿನ್‌ಗೂ ಹಿಡಿತ ತಪ್ಪುತ್ತದೆ. ಅದನ್ನು ಸರಿಪಡಿಸಲು ಪಕ್ಕದಲ್ಲೇ ಇನ್ನೊಂದು ಬದಲಾವಣೆ ಆಗಿದೆ. ವಿಕಾಸದ ದರ್ಜಿಗೆಲಸ ಹೀಗೆಯೇ, ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಹೊಲಿಯಬೇಕು.

ಅರಿಸಿನ ಕಪ್ಪೆಯ ವಿಷಯ ಇಷ್ಟು ಸಲೀಸಲ್ಲ. ಅದರ ನರ ಮತ್ತು ಸ್ನಾಯುಗಳು ಬ್ಯಾಟ್ರಕೋಟಾಕ್ಸಿನ್‌ಗೆ ಜಗ್ಗುವುದಿಲ್ಲ ಎಂದು 1980ರ ವರದಿಯಲ್ಲೇ ಇತ್ತು. 2017ರಲ್ಲಿ ಇಲಿಯ ಸೋಡಿಯಂ ತೂಬಿನಲ್ಲಿ ಆ ಕಪ್ಪೆಯಲ್ಲಿ ಕಂಡ ಒಂದು ಬದಲಾವಣೆಯನ್ನು ಮಾಡಿದಾಗ ಇಲಿಯ ತೂಬೂ ವಿಷಕ್ಕೆ ಬಗ್ಗಲಿಲ್ಲ. ಕಥೆ ಮುಗಿಯಿತು ಎನ್ನುವಷ್ಟರಲ್ಲಿ, 2021ರಲ್ಲಿ ಡೇನಿಯಲ್ ಮೈನರ್ ಅವರ ಪ್ರಯೋಗಶಾಲೆ ಕಪ್ಪೆಯ ತೂಬನ್ನೇ ಪ್ರತ್ಯೇಕವಾಗಿ ತಯಾರಿಸಿ ಪರೀಕ್ಷಿಸಿತು. ಅದು ವಿಷಕ್ಕೆ ಬಗ್ಗಿತು! ತೂಬು ವಿಷಕ್ಕೆ ಬಗ್ಗುತ್ತದೆ, ಕಪ್ಪೆ ಮಾತ್ರ ಸಾಯುತ್ತಿಲ್ಲ. ಹಾಗಾದರೆ ತೂಬಿನ ಬಳಿ ಹೋಗುವ ಮುನ್ನವೇ ವಿಷವನ್ನು ಹಿಡಿದಿಟ್ಟುಕೊಳ್ಳುವ ಏನೋ ರಕ್ತದಲ್ಲೋ ಅಂಗಾಂಶದಲ್ಲೋ ಇರಬೇಕು ಎಂಬುದು ಆ ತಂಡದ ವಾದ. ನನಗೆ ಈ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ. ನೂರಾರು ಬಗೆಯ ವಿಷ ತಿನ್ನುವ ಜೀವಿ ಪ್ರತಿಯೊಂದಕ್ಕೂ ಒಂದೊಂದು ಗ್ರಾಹಿ ತಿದ್ದುತ್ತ ಕೂರುವುದಕ್ಕಿಂತ ಬಂದದ್ದನ್ನೆಲ್ಲ ಅಪ್ಪಿ ಸಾಗಿಸುವ ಒಂದು ಪ್ರೋಟೀನು ಇಟ್ಟುಕೊಳ್ಳುವುದು ಮಿತವ್ಯಯ.

ಅಂಥ ಪ್ರೋಟೀನು ಸಿಕ್ಕೂ ಇದೆ, ಅದೂ ಇನ್ನೊಂದು ಜಾತಿಯಲ್ಲಿ. ಡಯಾಬ್ಲಿಟೊ, ಎಂದರೆ ಪುಟ್ಟ ಪಿಶಾಚಿ ಎಂದು ಎಕ್ವಡೋರ್‌ನಲ್ಲಿ ಕರೆಯುವ ಕಪ್ಪೆಯ ರಕ್ತದಲ್ಲಿ ಆಲ್ಕಲಾಯ್ಡ್ ಹಿಡಿದುಕೊಳ್ಳುವ ಪ್ರೋಟೀನನ್ನು ಸ್ಟ್ಯಾನ್‌ಫರ್ಡ್‌ನ ಲಾರೆನ್ ಓಕಾನೆಲ್ ಅವರ ತಂಡ 2023ರಲ್ಲಿ ಗುರುತಿಸಿತು. ಯಕೃತ್ತಿನಲ್ಲಿ ತಯಾರಾಗುವ ಇದು ಸಸ್ತನಿಗಳ ರಕ್ತದಲ್ಲಿ ಹಾರ್ಮೋನು ಹೊತ್ತೊಯ್ಯುವ ಪ್ರೋಟೀನಿನ ಬಂಧು. ಹಾರ್ಮೋನು ಸಾಗಿಸಲು ಇದ್ದ ಹಳೆಯ ಏರ್ಪಾಡಿನ ನೆಂಟನೊಬ್ಬ ಕಪ್ಪೆಯಲ್ಲಿ ವಿಷ ಸಾಗಿಸುತ್ತಿದ್ದಾನೆ.

ತಾಯಿ ಬಡಿಸುವ ವಿಷ

ಕೋಸ್ಟರಿಕಾದಲ್ಲಿ ಕೆಂಪು ಮೈ, ನೀಲಿ ಕಾಲಿನ ಒಂದು ಕಪ್ಪೆಯಿದೆ. ನೀಲಿ ಜೀನ್ಸ್ ತೊಟ್ಟ ಹಾಗಿದೆ ಎಂದು ಪ್ರವಾಸಿಗರು ಅದನ್ನು ಬ್ಲೂ ಜೀನ್ಸ್ ಎನ್ನುತ್ತಾರೆ. ಇದರ ತಾಯಿ ಮೊಟ್ಟೆಯೊಡೆದ ಗೊದಮೊಟ್ಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು, ಅನಾನಸಿನ ಬಳಗದ ಗಿಡಗಳ ಎಲೆಕಂಕುಳಲ್ಲಿ ನಿಂತ ಮಳೆನೀರಿಗೆ ಬಿಡುತ್ತದೆ. ಒಂದು ಗುಂಡಿಗೆ ಒಂದೇ ಮರಿ. ಅಷ್ಟು ನೀರಿನಲ್ಲಿ ತಿನ್ನಲು ಏನಿರುತ್ತದೆ? ತಾಯಿ ಕೆಲವು ದಿನಗಳಿಗೊಮ್ಮೆ ಬಂದು, ಮರಿಯಾಗದ ಮೊಟ್ಟೆಗಳನ್ನು ಇಟ್ಟು ಹೋಗುತ್ತದೆ. ಗೊದಮೊಟ್ಟೆಯ ಊಟ ಅದೇ.

ಆ ಊಟದಲ್ಲಿ ವಿಷವೂ ಇದೆ ಎಂದು 2014ರಲ್ಲಿ ಜೆನಿಫರ್ ಸ್ಟೈನೋಸ್ಕಿ ಮತ್ತು ಸಂಗಡಿಗರು ತೋರಿಸಿದರು. ತಾಯಿಯ ಮೊಟ್ಟೆ ತಿಂದು ಬೆಳೆದ ಗೊದಮೊಟ್ಟೆಗಳಲ್ಲಿ ಆಲ್ಕಲಾಯ್ಡ್ ಇತ್ತು. ಬೇರೆ ಕಪ್ಪೆಯ, ಕೆಂಗಣ್ಣಿನ ಮರಗಪ್ಪೆಯ ಮೊಟ್ಟೆ ತಿನ್ನಿಸಿ ಸಾಕಿದವುಗಳಲ್ಲಿ ಇರಲಿಲ್ಲ. ನುಸಿ ಹಿಡಿಯುವುದಿರಲಿ, ಕಾಲೇ ಮೂಡದ ಮರಿಗೆ ತಾಯಿ ತನ್ನ ಪಾಲಿನ ನುಸಿಯಿಂದ ರಕ್ಷಣೆ ಕಟ್ಟಿಕೊಡುತ್ತದೆ.

ಮಾರ್ಫಿನ್‌ನ ಇನ್ನೂರು ಪಟ್ಟು

ಎಪಿಬ್ಯಾಟಿಡಿನ್ ವಿಷಯಕ್ಕೆ ಮತ್ತೊಮ್ಮೆ ಬರಬೇಕು, ಏಕೆಂದರೆ ವಿಷ ಕಾಡಿನದು ಎಂಬ ಸಂಗತಿ ಡೇಲಿಯವರನ್ನು ಇಲ್ಲೇ ಹೆಚ್ಚು ಕಾಡಿತು. 1974ರಲ್ಲಿ ಎಕ್ವಡೋರ್‌ನಲ್ಲಿ ಸಂಗ್ರಹಿಸಿದ ಕಪ್ಪೆಯ ಸಾರವನ್ನು ಇಲಿಗೆ ಚುಚ್ಚಿದಾಗ ಅದರ ಬಾಲ ನೆಟ್ಟಗೆ ನಿಂತು ಬೆನ್ನ ಮೇಲೆ ಬಾಗಿತು. ಮಾರ್ಫಿನ್ ಕೊಟ್ಟಾಗ ಕಾಣುವ ಲಕ್ಷಣವದು. ನೋವು ಕಡಿಮೆ ಮಾಡುವುದರಲ್ಲಿ ಇದು ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಬಲಶಾಲಿ. ಆದರೆ ಮಾರ್ಫಿನ್ ಕೂರುವ ಗ್ರಾಹಿಯ ತಂಟೆಗೆ ಇದು ಹೋಗುವುದೇ ಇಲ್ಲ. ಅಂದರೆ ನೋವು ನಿವಾರಣೆಗೆ ಬೇರೆಯೇ ಒಂದು ಬಾಗಿಲು.

ಅಣುವಿನ ರಚನೆ ತಿಳಿಯಬೇಕೆಂದರೆ ವಸ್ತು ಸಾಲದು. ಸೆರೆಯಲ್ಲಿ ಸಾಕಿ ತೆಗೆಯೋಣವೆಂದರೆ ಸಾಕಿದ ಕಪ್ಪೆಯಲ್ಲಿ ಅದು ಇರುವುದಿಲ್ಲ. ಕಾಡಿನಿಂದ ಇನ್ನಷ್ಟು ತರೋಣವೆಂದರೆ 1980ರ ದಶಕದಲ್ಲಿ ಈ ಕಪ್ಪೆಗಳ ಅಂತಾರಾಷ್ಟ್ರೀಯ ಸಾಗಾಟಕ್ಕೆ ಕಡಿವಾಣ ಬಿತ್ತು. ಉಳಿದ ಮಿಲಿಗ್ರಾಂ ಲೆಕ್ಕದ ಸಾರವನ್ನು ಡೇಲಿ ಜೋಪಾನ ಮಾಡಿ, ಅಷ್ಟರಿಂದಲೇ ಉತ್ತರ ತೆಗೆಯಬಲ್ಲ ಉಪಕರಣಗಳು ಬರುವವರೆಗೆ ಕಾದರು. 1992ರಲ್ಲಿ ರಚನೆ ಪ್ರಕಟವಾಯಿತು. ಮರುವರ್ಷವೇ ರಸಾಯನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿದರು. ಕಪ್ಪೆಯ ವಿಷವನ್ನೇ ಔಷಧಿಯಾಗಿ ಕೊಡುವಂತಿರಲಿಲ್ಲ; ನೋವು ನಿಲ್ಲಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ. ಅದನ್ನು ಮಾದರಿಯಾಗಿಟ್ಟು ಅಬಟ್ ಕಂಪನಿ ರೂಪಿಸಿದ ಔಷಧ ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋಗಿ, ಅಡ್ಡಪರಿಣಾಮಗಳಿಂದಾಗಿ ಅಲ್ಲೇ ನಿಂತಿತು. ಔಷಧ ಬರಲಿಲ್ಲ, ಹೊಸ ಬಾಗಿಲು ಇದೆಯೆಂಬುದು ಗೊತ್ತಾಯಿತು.

ಹಕ್ಕಿ, ಜೀರುಂಡೆ, ಅದರಾಚೆ

ಬ್ಯಾಟ್ರಕೋಟಾಕ್ಸಿನ್ ಎಲ್ಲಿಂದ ಬರುತ್ತದೆ? ನುಸಿಗಳಲ್ಲಿ ಅದು ಸಿಗಲಿಲ್ಲ, ಇರುವೆಗಳಲ್ಲೂ ಇಲ್ಲ. ಸುಳಿವು ಬಂದದ್ದು ಭೂಗೋಳದ ಇನ್ನೊಂದು ಬದಿಯಿಂದ.

ಪಪುವಾ ನ್ಯೂಗಿನಿಯಲ್ಲಿ ಹಕ್ಕಿಗಳನ್ನು ಅಧ್ಯಯನ ಮಾಡುತ್ತಿದ್ದ ಜಾಕ್ ಡಂಬಾಕರ್ ಎಂಬ ವಿದ್ಯಾರ್ಥಿ ಬಲೆಗೆ ಬಿದ್ದ ಪಿಟೊಹುಯಿ ಎಂಬ ಕಿತ್ತಳೆ-ಕಪ್ಪು ಹಕ್ಕಿಯನ್ನು ಬಿಡಿಸುವಾಗ ಕೈ ತರಚಿಕೊಂಡ. ಗಾಯವನ್ನು ಬಾಯಿಗಿಟ್ಟಾಗ ತುಟಿ, ನಾಲಗೆ ಜುಮುಗುಟ್ಟಿ ಮರಗಟ್ಟಿದವು. ಅಲ್ಲಿನವರಿಗೆ ಇದೇನೂ ಹೊಸತಲ್ಲ. ಅವರಿಗೆ ಅದು ತಿನ್ನಲು ಯೋಗ್ಯವಲ್ಲದ ಹಕ್ಕಿ. ಗರಿಗಳು ಡೇಲಿಯವರ ಪ್ರಯೋಗಶಾಲೆಗೆ ಹೋದವು. ಗರಿ ಮತ್ತು ಚರ್ಮದಲ್ಲಿದ್ದದ್ದು ಬ್ಯಾಟ್ರಕೋಟಾಕ್ಸಿನ್ ಬಳಗದ ವಿಷ! 1992ರಲ್ಲಿ ಇದು ಪ್ರಕಟವಾದಾಗ ಹಕ್ಕಿಯಲ್ಲೂ ವಿಷವೇ ಎಂದು ಜಗತ್ತು ಬೆರಗಾಯಿತು. ಹಕ್ಕಿಗೂ ಕಪ್ಪೆಗೂ ವಂಶದಲ್ಲಿ ಸಂಬಂಧವಿಲ್ಲ, ನಡುವೆ ಪೆಸಿಫಿಕ್ ಸಾಗರವಿದೆ. ಇಬ್ಬರಲ್ಲೂ ಒಂದೇ ಜಟಿಲ ಅಣು ಇದೆಯೆಂದರೆ ಇಬ್ಬರೂ ಅದನ್ನು ತಿಂದೇ ಪಡೆದಿರಬೇಕು.

ಏನು ತಿಂದು ಎಂಬುದನ್ನು ತೋರಿಸಿಕೊಟ್ಟವರು ಅಲ್ಲಿನ ಹಳ್ಳಿಗರು. ಮುಟ್ಟಿದರೆ ತುಟಿ ಜುಮುಗುಡಿಸುವ ಪುಟ್ಟ ಜೀರುಂಡೆಯೊಂದನ್ನು ಅವರು ಬಲ್ಲವರಾಗಿದ್ದರು. ಅಂಥದೇ ಜುಮುಗು ತರುವ ಒಂದು ಹಕ್ಕಿಗೂ ಆ ಜೀರುಂಡೆಗೂ ಅವರಲ್ಲಿ ಒಂದೇ ಹೆಸರು, ನಾನಿಸಾನಿ. ಕೊರೆಸೀನ್ ಎಂಬ ಕುಲಕ್ಕೆ ಸೇರಿದ ಆ ಜೀರುಂಡೆಗಳಲ್ಲಿ ಬ್ಯಾಟ್ರಕೋಟಾಕ್ಸಿನ್ ಹೇರಳವಾಗಿರುವುದನ್ನು ಡಂಬಾಕರ್ 2004ರಲ್ಲಿ ವರದಿ ಮಾಡಿದರು. ಹಕ್ಕಿಗಳ ಹೊಟ್ಟೆಯಲ್ಲೂ ಅವು ಸಿಕ್ಕಿದ್ದವು. ಆ ಜೀರುಂಡೆಯ ಕುಟುಂಬದ ಸದಸ್ಯರು ಕೊಲಂಬಿಯಾದ ಮಳೆಕಾಡಿನಲ್ಲೂ ಇದ್ದಾರೆ. ಆದ್ದರಿಂದ ಅರಿಸಿನ ಕಪ್ಪೆಯ ಊಟದಲ್ಲೂ ಅಂಥದೊಂದು ಇರಬೇಕೆಂಬ ಗುಮಾನಿ ಬಲವಾಗಿದೆ. ಯಾವುದೆಂದು ಬೊಟ್ಟು ಮಾಡಿ ತೋರಿಸಲು ಯಾರಿಗೂ ಆಗಿಲ್ಲ. ಅತ್ತ ಆ ಕಾಡು ಗದ್ದೆ-ತೋಟಗಳಿಗೆ, ಗಣಿಗೆ ಸೋಲುತ್ತಿದೆ. ಕಪ್ಪೆ ಅಳಿವಿನಂಚಿನ ಪಟ್ಟಿ ಸೇರಿದೆ. ಸೆರೆಯಲ್ಲಿ ಸಾವಿರ ಕಪ್ಪೆ ಸಾಕಿದರೂ ಈ ಪ್ರಶ್ನೆಗೆ ಅವು ಉತ್ತರ ಹೇಳಲಾರವು.

ಜೀರುಂಡೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಆಗಲೂ ಹುಡುಕಾಟ ನಿಲ್ಲುವಂತಿಲ್ಲ. ಬ್ಯಾಟ್ರಕೋಟಾಕ್ಸಿನ್ ಸ್ಟೀರಾಯ್ಡ್ ಚೌಕಟ್ಟಿನ ಅಣು. ನಮ್ಮ ಹಾಗೆ ಕೊಲೆಸ್ಟರಾಲನ್ನು ಮೊದಲಿನಿಂದ ಕಟ್ಟಿಕೊಳ್ಳುವ ಸಾಮರ್ಥ್ಯ ಕೀಟಗಳಿಗಿಲ್ಲ. ಆ ಚೌಕಟ್ಟನ್ನು ಅವು ಊಟದಿಂದಲೇ ಪಡೆಯಬೇಕು. ಹಾಗಾಗಿ ಜೀರುಂಡೆ ಈ ವಿಷವನ್ನು ಯಾವುದೋ ಗಿಡದ ಸ್ಟೀರಾಲ್‌ನಿಂದ ತಿದ್ದಿ ಮಾಡುತ್ತಿರಬೇಕು, ಇಲ್ಲವೇ ತನ್ನೊಳಗೆ ಬಾಡಿಗೆಗಿರುವ ಯಾವುದೋ ಸೂಕ್ಷ್ಮಜೀವಿಯ ಕೈಲಿ ಮಾಡಿಸಿಕೊಳ್ಳುತ್ತಿರಬೇಕು. ಕಪ್ಪೆಯ ಚರ್ಮದಿಂದ ಹೊರಟವರು ಜೀರುಂಡೆಯ ಹೊಟ್ಟೆಯ ಬಾಗಿಲಿಗೆ ಬಂದು ನಿಂತಿದ್ದಾರೆ, ಅದು ಏನು ತಿಂದಿತ್ತು ಎಂದು ಕೇಳುತ್ತ.